ಮೊದಲ ಓಟದ ಗಾಳಿ

ಸ್ವಿಚ್ಚು ಗೋಡೆಯ ಮೇಲೆ ಅವಳ ಭುಜದೆತ್ತರಕ್ಕೆ ಇತ್ತು. ಎಣ್ಣೆಗೈ ತಾಗಿ ತಾಗಿ ಅದರ ಸುತ್ತಲಿನ ಗೋಡೆ ಕಪ್ಪಿಟ್ಟಿತ್ತು. ಅದನ್ನು ಒತ್ತಿದರೆ ಕಾರಿನ ಮೂತಿಯೆದುರು ನಿಲ್ಲಿಸಿದ್ದ ಆಳೆತ್ತರದ ಫ್ಯಾನು ತಿರುಗುತ್ತದೆ, ಒತ್ತದಿದ್ದರೆ ಇಲ್ಲ. ಇಷ್ಟೇ ತಾನೆ. ಇಷ್ಟಕ್ಕೇ ಬೆಳಗಿನಿಂದ ಹತ್ತು ಸಲ ಇದರ ಮುಂದೆ ಬಂದು ನಿಂತು ವಾಪಸಾದೆನಲ್ಲ ಎಂದು ಅವಳಿಗೆ ತನ್ನ ಮೇಲೇ ರೇಗಿತು. ಹಲ್ಲಿನ ಡಾಕ್ಟರ ಬಿಳಿಯ ಟರ್ಬೊ ಕಾರು ನೆಲದಲ್ಲಿ ಹುಗಿದ ರೋಲರುಗಳ ಮೇಲೆ ಹತ್ತಿ ನಿಂತಿತ್ತು. ಹಿಂದೆ ಮುಂದೆ ಪಟ್ಟಿ ಬಿಗಿದು ಕೊಂಡಿಗಳಿಗೆ ಕಟ್ಟಿಯಾಗಿತ್ತು. ಚಕ್ರ ಎಷ್ಟೇ ಜೋರಾಗಿ ಓಡಿದರೂ ಕಾರು ನಿಂತಲ್ಲೇ ನಿಂತು, ತನ್ನಲ್ಲಿರುವ ಶಕ್ತಿ ಎಷ್ಟೆಂಬುದನ್ನು ಪರದೆಯ ಮೇಲೆ ಗೆರೆಯಾಗಿ ಎಳೆದು ತೋರಿಸಬೇಕು. ಆ ಗೆರೆಯನ್ನು ಓದಿ ಹೇಳುವುದು ಅವಳ ಕೆಲಸ. ಮೊದಲು ಕಂಪನಿಯವರು ಕೊಟ್ಟ ಹೊಗೆ ಪೈಪು ಇದ್ದಂತೆಯೇ ಒಂದು ಓಟ, ಆಮೇಲೆ ಗಂಡ ಮಾಡಿದ ಪೈಪು ಕೂರಿಸಿ ಇನ್ನೊಂದು ಓಟ. ಎರಡರ ನಡುವೆ ಎಷ್ಟು ಕುದುರೆ, ಅಂದರೆ ಅಶ್ವಶಕ್ತಿ, ಹೆಚ್ಚಾಯಿತು ಎಂಬುದರ ಮೇಲೆಯೇ ಈ ಶೆಡ್ಡಿನ ಮಾನ ಮರ್ಯಾದೆ ಎಲ್ಲ ನಿಂತಿತ್ತು.

"ಅತ್ತಿಗೆ, ಗಾಳಿ ಆಮೇಲೆ ಹಾಕಿದ್ರಾಯ್ತು. ಇಂಜಿನ್ ಸ್ವಲ್ಪ ಹದಕ್ಕೆ ಬರ್ಲಿ," ಎಂದ ಮೈದುನ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ.

ಕಾರಿನ ಮೂತಿಯ ಹತ್ತಿರವೇ ಡಾಕ್ಟರು ನಿಂತಿದ್ದರು, ಗಿರಾಕಿಯ ಎದುರಿಗೆ ಅವನು ಬಳಸುವ ಮಾತು ಅದು. ಹದಕ್ಕೆ ಬರುವುದೆಂದರೆ ಬಿಸಿಯೇರಿ ಕಾಯುವುದು. ಫ್ಯಾನಿಲ್ಲದೆ, ಬಾನೆಟ್ಟು ಮುಚ್ಚಿ, ಕಾರನ್ನು ಸುಮ್ಮನೆ ಗುರುಗುಟ್ಟಲು ಬಿಟ್ಟರೆ ಒಳಗಿನ ಗಾಳಿಯೆಲ್ಲ ಕಾದು ಕೂರುತ್ತದೆ. ಕಾದ ಗಾಳಿ ಕುಡಿದ ಇಂಜಿನ್ನು ಸೋಮಾರಿಯಾಗುತ್ತದೆ. ಆಗ ಓಡಿಸಿದರೆ ಕಂಪನಿಯ ಪೈಪಿನ ಲೆಕ್ಕ ಪಾತಾಳಕ್ಕೆ ಇಳಿಯುತ್ತದೆ. ಪೈಪು ಬದಲಾಯಿಸುವಷ್ಟರಲ್ಲಿ ಕಾರು ತಣ್ಣಗಾಗಿರುತ್ತದೆ, ಎರಡನೆಯ ಓಟಕ್ಕೆ ಫ್ಯಾನೂ ಭರ್ರೆನ್ನುತ್ತದೆ, ಕುದುರೆಗಳು ಲಾಯದಿಂದ ಬಿಟ್ಟಂತೆ ಹೊರಗೆ ಬರುತ್ತವೆ. ಇದರಲ್ಲಿ ಯಾರೂ ಯಾವ ಸಂಖ್ಯೆಯನ್ನೂ ತಿದ್ದುವುದಿಲ್ಲ. ಯಂತ್ರ ಸುಳ್ಳು ಹೇಳುವುದಿಲ್ಲ. ಅವಳೂ ಬಾಯಿಬಿಟ್ಟು ಸುಳ್ಳು ಹೇಳಿದವಳಲ್ಲ. ಒಂದು ಸ್ವಿಚ್ಚನ್ನು ಒತ್ತದೆ ನಿಂತಿದ್ದಾಳೆ, ಅಷ್ಟೇ, ಇಷ್ಟು ವರ್ಷ. ಗಂಡನಿಗೆ ಇದೊಂದೂ ಗೊತ್ತಿಲ್ಲ. ಅವನು ಓಟದ ಹೊತ್ತಿನಲ್ಲಿ ಕಿವಿಗೆ ಮುಚ್ಚಳ ಹಾಕಿಕೊಂಡು ಕಾರಿನ ಹಿಂದೆ, ಪೈಪಿನ ಬಾಯಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿರುತ್ತಾನೆ. ಮೂತಿಯ ಕಡೆ ಏನಾದರೆ ಅವನಿಗೇನು, ಅವನ ವ್ಯವಹಾರವೆಲ್ಲ ಬಾಲದ ಕಡೆಗೆ. ಓಟ ಮುಗಿದ ಮೇಲೆ ಎದ್ದು ಬಂದು, ಪರದೆಯನ್ನೂ ಸರಿಯಾಗಿ ನೋಡದೆ, ಅವಳ ಮುಖ ನೋಡಿ "ಎಷ್ಟು ಬಂತು?" ಎನ್ನುತ್ತಾನೆ.

ಹಾಗೆ ಕೇಳಿದ ಮೊದಲ ದಿನ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ರೋಲರಿನ ಯಂತ್ರ ಹೊಸದಾಗಿ ಬಂದಿತ್ತು, ಹಾಕಿದ್ದು ತಮ್ಮದೇ ಹಳೆಯ ಕಾರನ್ನು. ಫ್ಯಾನಿನ ವೈರು ಸುಟ್ಟು ಮೊದಲ ಓಟ ಗಾಳಿಯಿಲ್ಲದೆ ಆಗಿತ್ತು. ಅವನು ತನ್ನ ಪೈಪು ಕೂರಿಸುವಷ್ಟರಲ್ಲಿ ಮೈದುನ ವೈರು ಸರಿಮಾಡಿದ್ದ. ಬೇಕೆಂದು ಯಾರೂ ಮಾಡಿದ್ದಲ್ಲ. ಮೂವತ್ತೆಂಟು ಕುದುರೆ ಜಾಸ್ತಿ ತೋರಿಸಿತು. ಅವನು ಕಿವಿಯ ಮುಚ್ಚಳ ತೆಗೆಯುವುದನ್ನೂ ಮರೆತು "ಎಷ್ಟು, ಎಷ್ಟು" ಎಂದು ಕೂಗಿ ಕೇಳಿದ್ದ. ಅವಳು ಹೇಳಿದಾಗ ಕೂತುಬಿಟ್ಟಿದ್ದ, ನೆಲದ ಮೇಲೆ, ಎಣ್ಣೆಯ ಮೇಲೆಯೇ. ಬೇರೆಯವರ ಅಂಗಡಿಯಲ್ಲಿ ಹನ್ನೆರಡು ವರ್ಷ ಬೈಸಿಕೊಂಡು ಪೈಪು ಬಗ್ಗಿಸಿದ ಮನುಷ್ಯ. ಮರುದಿನ ಬಟ್ಟೆ ಒಣಹಾಕುತ್ತಾ, ಒದ್ದೆಯ ಅಂಗಿ ಗಾಳಿಗೆ ಹೊಯ್ದಾಡುವುದನ್ನು ನೋಡಿದಾಗ, ಆ ಮೂವತ್ತೆಂಟು ಪೈಪಿನದಲ್ಲ, ಫ್ಯಾನಿನ ಗಾಳಿಯದು ಎಂದು ಅವಳಿಗೆ ಥಟ್ಟನೆ ಹೊಳೆದಿತ್ತು. ಮೈದುನನನ್ನು ಕರೆದು ಕೇಳಿದಳು. ಅವನು ನಕ್ಕ. "ಅಣ್ಣನ ಮುಖ ನೋಡಿದ್ರಲ್ಲ ಅತ್ತಿಗೆ. ಹೋಗಿ ಹೇಳ್ತೀರಾ ಈಗ?" ಅವಳು ಹೇಳಲಿಲ್ಲ. ಹೇಳದೆ ಉಳಿದದ್ದಕ್ಕೆ ಪ್ರೀತಿ ಎಂದು ಹೆಸರಿಟ್ಟುಕೊಂಡಳು. ಸಂಜೆ ಅದೇ ಕಾರಿನಲ್ಲಿ ಮನೆಗೆ ಹೋಗುವಾಗ ಅವನು ಏರಿನಲ್ಲಿ ಕಾಲೊತ್ತಿ, "ನೋಡೇ, ಹೆಂಗೆ ಎಳೀತದೆ," ಎಂದಾಗ, "ಹೂಂ, ಗೊತ್ತಾಗ್ತದೆ," ಎಂದಳು. ಅಂದಿನಿಂದ ಎಷ್ಟು ಸಂಜೆ ಎಷ್ಟು ಏರು, ಎಷ್ಟು ಸಲ ಹೂಂ ಎಂದಿದ್ದಾಳೋ. ಆ ದಿನದ ಗೆರೆಯ ಹಾಳೆಗೆ ಗಾಜು ಹಾಕಿಸಿ ಅವನು ಗೋಡೆಗೆ ತೂಗುಹಾಕಿದ್ದ. ಬಂದ ಗಿರಾಕಿಗಳು ಅದನ್ನು ನೋಡಿಯೇ ಒಳಗೆ ಬರುತ್ತಿದ್ದರು, ಆಮೇಲೆ ಅದಕ್ಕಿಂತ ಕಡಿಮೆ ಯಾರಿಗೂ ಸಾಕಾಗುತ್ತಿರಲಿಲ್ಲ.

"ಅತ್ತಿಗೆ?"

ಅವಳ ಅಪ್ಪನಿಗೆ ಗುಜರಿ ಅಂಗಡಿ ಇತ್ತು. ನೆಲಮಟ್ಟದ ತಕ್ಕಡಿ, ಅದರ ಕಬ್ಬಿಣದ ಹಲಗೆಯ ಅಂಚಿಗೆ ಅಪ್ಪ ನಿಂತಿರುತ್ತಿದ್ದ. ತಂದವನು ತಂತಿಯ ಕಂತೆಯನ್ನು ಹಲಗೆಯ ಮೇಲಿಟ್ಟ ಕೂಡಲೆ ಅಪ್ಪನ ಕಾಲಿನ ಹೆಬ್ಬೆರಳು ಮೆಲ್ಲಗೆ ಹಲಗೆಯ ಅಡಿಗೆ ಹೋಗಿ ಒಂದಿಷ್ಟು ಮೇಲಕ್ಕೆ ಒತ್ತುತ್ತಿತ್ತು. ಮುಖ ಮಾತ್ರ ತಂದವನ ಮನೆಮಂದಿಯ ಕ್ಷೇಮ ವಿಚಾರಿಸುತ್ತಿತ್ತು. ಆಗ ಸೊಂಟದೆತ್ತರದ ಹುಡುಗಿಯಾಗಿದ್ದ ಅವಳಿಗೆ ಮುಖ ಕಾಣುತ್ತಿರಲಿಲ್ಲ, ಹೆಬ್ಬೆರಳೇ ಕಾಣುತ್ತಿತ್ತು. ನಾಚಿಕೆಯಾಗಿತ್ತೇ? ಇಲ್ಲ, ಆಗಿರಲಿಲ್ಲ, ಅದನ್ನೂ ಈಗ ಯಾಕೆ ಮುಚ್ಚಿಡಬೇಕು? ಎಷ್ಟು ನಾಜೂಕು ಅಪ್ಪನ ಬೆರಳು ಎಂದು ಹೆಮ್ಮೆಪಟ್ಟಿದ್ದಳು, ಮನೆಗೆ ಬಂದು ತಾನೂ ಆಟದ ತಕ್ಕಡಿಯಲ್ಲಿ ಅಭ್ಯಾಸ ಮಾಡಿದ್ದಳು. ಆದರೆ ಅಪ್ಪ ಹೊರಗಿನವರಿಗೆ ಮಾಡುತ್ತಿದ್ದ, ಮನೆಗೆ ತರುವ ಬೇಳೆಯನ್ನು ಸರಿಯಾಗಿಯೇ ತೂಗುತ್ತಿದ್ದ. ತಾನು ಮನೆಯವನಿಗೇ ಬೆರಳಿಟ್ಟವಳು. ಅಪ್ಪನಿಗಿಂತ ಒಂದು ಮೆಟ್ಟಿಲು ಮುಂದೆ ಹೋದೆನಲ್ಲ ಎಂದುಕೊಂಡಾಗ ಅವಳಿಗೆ ನಗು ಬಂದಂತಾಯಿತು.

ಇವತ್ತೇ ಯಾಕೆ ಈ ಪೀಡೆ ಎಂದರೆ, ಬೆಂಚಿನ ಮೇಲೆ ಹಳೆಯ ಹೊದಿಕೆಯಲ್ಲಿ ಕೂಸಿನ ಹಾಗೆ ಸುತ್ತಿಟ್ಟಿದ್ದ ಆ ಪೈಪು. ಮೂವತ್ತೆಂಟನ್ನು ನಂಬಿ ಗಂಡ ದಾರಿ ತಪ್ಪಿದ್ದ. ಹಿಂದಕ್ಕೆ ಹೊಗೆಗೆ ದಾರಿ ಬಿಟ್ಟಷ್ಟೂ ಟರ್ಬೊದ ಚಕ್ರ ಬೇಗ ತಿರುಗುತ್ತದೆ, ಚಕ್ರ ತಿರುಗಿದಷ್ಟೂ ಮುಂದೆ ಇಂಜಿನ್ನಿಗೆ ಗಾಳಿ ತುಂಬುತ್ತದೆ, ಅದು ಅವನ ಮೂಲಮಂತ್ರ, ತಪ್ಪೇನಿಲ್ಲ. ಆದರೆ ಆ ದಿನದ ಪೈಪು ಅಗಲವಿತ್ತೆಂದು ಅವನು ಅಗಲವನ್ನೇ ಹಿಡಿದ. ಅಗಲ, ಇನ್ನೂ ಅಗಲ, ಬಕೆಟ್ಟು ತೂರುವಷ್ಟು ಅಗಲ. ಅವಳು ಫ್ಯಾನು ಹಾಕದೆ ನಿಂತಳು, ಲೆಕ್ಕ ಪ್ರತಿಸಲವೂ ಹೌದು ಹೌದು ಎಂದಿತು. ಹೀಗೇ ವರ್ಷಗಳು ಹೋದವು. ಈ ಸಲ ಮಾತ್ರ ಅವನಿಗೆ ಏನಾಯಿತೋ. ಊಟಕ್ಕೆ ಕೂತವನು ಅನ್ನ ಬಿಟ್ಟು ತಟ್ಟೆಯ ಅಂಚಿನ ಸುತ್ತ ಬೆರಳಾಡಿಸುತ್ತ, "ಬಾಯಿ ದೊಡ್ಡದಾದ್ರೆ ಸಾಲದು ಕಣೇ, ಒಳಗಡೆ ಹೊಗೆ ಎಲ್ಲೂ ಎಡವಬಾರದು, ಅನ್ಸುತ್ತೆ," ಎಂದಿದ್ದ. ರಟ್ಟು ಕತ್ತರಿಸಿ ಬಳೆಬಳೆ ಮಾಡಿ ಅಡುಗೆಮನೆಯ ನೆಲದಲ್ಲಿ ಜೋಡಿಸಿದ. ಟರ್ಬೊದಿಂದ ಹೊರಬೀಳುವ ಬಾಯಿ ನಿಧಾನಕ್ಕೆ ಅರಳಬೇಕು, ತಿರುವು ತಿರುವೆನ್ನಿಸದ ಹಾಗೆ ತಿರುಗಬೇಕು, ಅಗಲ ಬೇಕಾದಷ್ಟೇ. ಬೆಸುಗೆ ಹಾಕುವಾಗ ತುಂಡುಗಳನ್ನು ಹಿಡಿದುಕೊಂಡು ಕೂತವಳು ಅವಳೇ. ಪ್ರತಿ ಜೋಡಣೆಗೂ ಅವನು ಒಳಗೆ ಬೆರಳು ಹಾಕಿ, ಕಣ್ಣುಮುಚ್ಚಿ, ಎಲ್ಲಾದರೂ ಅಂಚು ತಾಗುತ್ತದೆಯೇ ಎಂದು ಸವರಿ ನೋಡುತ್ತಿದ್ದ. ಎರಡು ಸಲ ಕತ್ತರಿಸಿ ಬಿಸಾಕಿ ಮತ್ತೆ ಮಾಡಿದ. ಕೊನೆಗೊಮ್ಮೆ, "ನೀನೂ ಹಾಕಿ ನೋಡು," ಎಂದ. ಅವಳು ಬೆರಳು ಹಾಕಿದಳು. ಏನೂ ತಾಗಲಿಲ್ಲ. ಇಷ್ಟು ಸುಳ್ಳು ಲೆಕ್ಕಗಳ ನಡುವೆಯೂ ಇವನ ಕೈ ತಾನಾಗಿಯೇ ನಿಜದ ಕಡೆ ತಿರುಗಿತಲ್ಲ ಎಂದು ಅವಳಿಗೆ ಅಲ್ಲೇ ಅಳು ಬಂದಿತ್ತು. ಹೊಗೆ ಎಂದು ನೆಪ ಹೇಳಿ ಎದ್ದುಹೋಗಿದ್ದಳು.

ಈ ಪೈಪಿಗೆ ಅಪ್ಪನ ಹೆಬ್ಬೆರಳು ಇಡಲಾರೆ. ಏನಾದರಾಗಲಿ.

ಅವಳು ಸ್ವಿಚ್ಚು ಒತ್ತಿದಳು. ಫ್ಯಾನು ಒಮ್ಮೆ ಕೆಮ್ಮಿ, ಭರ್ರೆಂದು ಎದ್ದಿತು. ಡಾಕ್ಟರ ಕೂದಲು ಹಾರಿತು. ಅವರು ಎರಡೂ ಕೈಯಿಂದ ತಲೆ ಹಿಡಿದುಕೊಂಡು ಪಕ್ಕಕ್ಕೆ ಸರಿದರು. ಮೈದುನ ಬಾಗಿಲು ತೆಗೆದು ಇಳಿದೇ ಬಂದ, ಅವಳ ಕಿವಿಯ ಹತ್ತಿರ ಬಾಯಿ ತಂದ.

"ಅತ್ತಿಗೆ, ಮರೆತ್ರಾ? ಇದು ಮೊದಲ ಓಟ."

"ಮರೆತಿಲ್ಲ."

"ಮೂವತ್ತು ಅಂತ ಹೇಳಿದೀನಿ ಅವರಿಗೆ. ಕ್ಲಬ್ಬಲ್ಲೆಲ್ಲ ಹೇಳ್ಕೊಂಡು ಬಂದಿದಾರೆ."

"ನೀನು ಹೇಳಿದ್ದು, ನಾನಲ್ಲ. ಹೋಗಿ ಕೂತ್ಕೊ, ಓಡಿಸು."

"ಅಣ್ಣನಿಗೆ ಏನಂತೀರಾ?"

"ಓಡಿಸು," ಎಂದಳು, ಇನ್ನೊಮ್ಮೆ. ಅವಳ ದನಿಯಲ್ಲಿ ಏನು ಕೇಳಿಸಿತೋ, ಅವನು ಹೋಗಿ ಕೂತ. ಕಾರು ಕಟ್ಟಿದ ಪಟ್ಟಿಗಳನ್ನು ಜಗ್ಗುತ್ತಾ ಅರಚಿತು, ಗೆರೆ ಏರಿತು, ಬಾಗಿತು, ಇಳಿಯಿತು. ನೂರ ಎಂಬತ್ತೊಂದು. ಕಂಪನಿಯ ಪೈಪು ಕೂಡ ಪಾಪ, ಇಷ್ಟು ವರ್ಷಗಳಲ್ಲಿ ಮೊದಲ ಸಲ ತನ್ನ ಮರ್ಯಾದೆ ಉಳಿಸಿಕೊಂಡಿತು.

ಗಂಡ ಕಾರನ್ನು ಲಿಫ್ಟಿಗೆ ಏರಿಸಿ ಕೆಲಸಕ್ಕೆ ಇಳಿದ. ಶಿಳ್ಳೆ ಹಾಕುತ್ತಿದ್ದ. ಅವನು ಶಿಳ್ಳೆ ಹಾಕಿದ್ದನ್ನು ಅವಳು ಕೇಳಿ ಎಷ್ಟೋ ಕಾಲವಾಗಿತ್ತು, ಅದಕ್ಕೇ ಅವಳಿಗೆ ಅದು ಚುಚ್ಚಿತು. ಡಾಕ್ಟರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಪರದೆಯ ಮುಂದೆ ಕೂತಿದ್ದ ಅವಳನ್ನು ದಾಟಿ, ಲಿಫ್ಟಿನಡಿಯ ಗಂಡನನ್ನು ಕೇಳಿದರು, "ಮೇಸ್ತ್ರಿ, ಈಗೆಷ್ಟು ತೋರಿಸ್ತು ಅದು?" ಯಾವಾಗಲೂ ಹೀಗೆಯೇ. ಗೆರೆ ಓದಿದವಳು ಇಲ್ಲಿ, ಪ್ರಶ್ನೆ ಅಲ್ಲಿಗೆ. ಗಂಡ ಅವಳನ್ನು ಕೇಳುತ್ತಿದ್ದ, ಅವಳು ಅವನಿಗೆ ಹೇಳುತ್ತಿದ್ದಳು, ಅವನು ಡಾಕ್ಟರಿಗೆ ಹೇಳುತ್ತಿದ್ದ. ಮೂರು ಮಾರು ಜಾಗದಲ್ಲಿ ಮಾತು ಊರೆಲ್ಲ ಸುತ್ತಿ ಬರುತ್ತಿತ್ತು. ಹಿಂದೊಮ್ಮೆ ಇದೇ ಡಾಕ್ಟರು ಕಾಫಿ ಲೋಟ ಅವಳ ಕೀಬೋರ್ಡಿನ ಮೇಲಿಟ್ಟು, "ಇದನ್ನ ತೊಳೆದಿಡಮ್ಮ," ಎಂದಿದ್ದರು. ಅವಳು ತೊಳೆದಿಟ್ಟಿದ್ದಳು. ಯಾಕೆ ತೊಳೆದೆ ಎಂದು ಈಗ ರೇಗಿತು. ಇವತ್ತು ಅವರಿಗೆ ನೇರವಾಗಿ, "ನೂರ ಎಂಬತ್ತೊಂದು," ಎಂದಳು, ಕೂತಲ್ಲಿಂದಲೇ. ಡಾಕ್ಟರು ಗೋಡೆ ಮಾತಾಡಿತೋ ಎಂಬಂತೆ ತಿರುಗಿ ನೋಡಿದರು. "ಓ," ಎಂದರು. ಲಿಫ್ಟಿನ ಕೆಳಗೆ ಶಿಳ್ಳೆ ನಿಂತಿತು. "ಅಷ್ಟೊಂದಾ?" ಎಂದ ಗಂಡ, ಆಮೇಲೆ ತಾನೇ, "ಒಳ್ಳೆ ಗಾಡಿ, ಒಳ್ಳೆ ಗಾಡಿ," ಎಂದುಕೊಂಡು ಮತ್ತೆ ಬೋಲ್ಟು ಬಿಚ್ಚತೊಡಗಿದ.

ಎರಡನೆಯ ಓಟಕ್ಕೆ ಅವಳು ಫ್ಯಾನನ್ನು ಮೊದಲು ಇಟ್ಟಲ್ಲಿಂದ ಒಂದು ಗೇಣೂ ಸರಿಸಲಿಲ್ಲ. ಕಾರನ್ನು ಮೊದಲು ಎಷ್ಟು ಕಾಯಿಸಿದ್ದರೋ ಅಷ್ಟೇ ಕಾಯಿಸಿದಳು. ಗಂಡ ಕಿವಿ ಮುಚ್ಚಿಕೊಂಡು ಬಾಲದ ಕಡೆಗೆ ಹೋಗಿ ಕೂತ. ಮೈದುನ ಕಾಲೊತ್ತಿದ. ಅವಳು ಪರದೆಯ ಹತ್ತಿರಕ್ಕೆ ಬಾಗಿದಳು. ಹಳೆಯ ಗೆರೆ ಇನ್ನೂ ನೆಲ ಹಿಡಿದು ಮಲಗಿದ್ದ ಜಾಗದಲ್ಲೇ ಹೊಸ ಗೆರೆ ಎದ್ದು ನಿಂತಿತು. ಎದ್ದದ್ದು ಮೇಲೆ ಮೇಲೆ ಹೋಯಿತು, ನಡುವೆಲ್ಲೂ ಮುಗ್ಗರಿಸದೆ, ಹಳೆಯ ಗೆರೆಯನ್ನು ಕೆಳಗೆ ಬಿಟ್ಟು ಅಗಲವಾದ ಹೊಟ್ಟೆ ಮಾಡಿಕೊಂಡು ನಡೆಯಿತು. ತುದಿಗೆ ಬಂದಾಗ ಮಾತ್ರ ಎರಡೂ ಹತ್ತಿರ ಹತ್ತಿರ ಬಂದವು. ಟರ್ಬೊ ಬೇಗ ಎಚ್ಚರವಾಗಿದೆ. ಕಾಲೊತ್ತಿದ ತಕ್ಷಣ ಎಳೆಯುತ್ತದೆ ಈ ಕಾರು, ಕಾಯಿಸುವುದಿಲ್ಲ. ಬೆರಳಿಗೆ ತಾಗದ ಆ ಅಂಚುಗಳೆಲ್ಲ ಇಲ್ಲಿ ಗೆರೆಯಾಗಿ ಬಂದಿದ್ದವು. ಎಷ್ಟು ಚೆನ್ನಾಗಿದೆ ಎಂದು ಅವಳು ಬಾಯಿಬಿಟ್ಟೇ ಅಂದಳು, ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

"ಎಷ್ಟು ಬಂತು?"

ಅವನು ಬಂದು ನಿಂತಿದ್ದ. ಮುಖದಲ್ಲಿ ಬೆವರು, ಮಸಿ, ಒಂಥರಾ ಹುಡುಗುತನ.

"ನೂರ ತೊಂಬತ್ತೆರಡು. ಹನ್ನೊಂದು ಜಾಸ್ತಿ. ಆದ್ರೆ ತುದಿ ನೋಡ್ಬೇಡಿ, ಇಲ್ನೋಡಿ, ಇಲ್ಲಿ ಎದ್ದಿರೋದು ನೋಡಿ."

ಅವನು ಅಲ್ಲಿ ನೋಡಲಿಲ್ಲ. ಹನ್ನೊಂದು ಎಂಬುದು ಕಿವಿಗೆ ಬಿದ್ದದ್ದೇ ಮುಖದ ಬೆಳಕು ಆರಿತು. ಕಣ್ಣು ತಾನಾಗಿ ಗೋಡೆಯ ಮೇಲಿನ ಗಾಜಿನ ಹಾಳೆಗೆ ಹೋಗಿ ಬಂತು. ಡಾಕ್ಟರು ಕುರ್ಚಿಯಿಂದೆದ್ದು, "ಹನ್ನೊಂದಾ? ಮೂವತ್ತು ಅಂದಿದ್ರಲ್ಲ," ಎಂದು ನಕ್ಕರು, ಹಲ್ಲು ನೋವಿದೆಯೇ ಎಂದು ಕೇಳುವಾಗಿನ ನಗು. ಮೈದುನ ಸ್ಟೀರಿಂಗ್ ಹಿಡಿದು ನೆಟ್ಟಗೆ ಮುಂದೆ ನೋಡುತ್ತಾ ಕೂತಿದ್ದ. ಗಂಡ ಕೈ ಒರೆಸುವ ಬಟ್ಟೆಯನ್ನು ಹುಡುಕಿದ, ಅದು ಹೆಗಲ ಮೇಲೆಯೇ ಇತ್ತು. "ತಪ್ಪು ನಂದೇ ಸಾರ್," ಎಂದ. "ನೀವು ಕೂತ್ಕೊಳಿ, ಒಂದು ಗಂಟೇಲಿ ಸರಿ ಮಾಡಿ ಕೊಡ್ತೀನಿ." ಅವನು ಯಾರಿಗೋ ಸಾರ್ ಎನ್ನುವುದು ಅವಳಿಗೆ ಹೊಸದಲ್ಲ, ಆದರೆ ಈ ಸಾರ್ ಹನ್ನೆರಡು ವರ್ಷ ಬೈಸಿಕೊಂಡ ಅಂಗಡಿಯದು.

ಕಾರು ಮತ್ತೆ ಲಿಫ್ಟಿಗೇರಿತು. ಅವನು ಕತ್ತರಿಸುವ ಯಂತ್ರದ ವೈರು ಬಿಡಿಸುತ್ತಾ, ಅವಳಿಗಲ್ಲದೆ ತನಗೇ ಎಂಬಂತೆ ಹೇಳಿಕೊಳ್ಳುತ್ತಿದ್ದ. "ಲೆಕ್ಕ ಹೇಳ್ತಾನೇ ಇತ್ತು, ಅಗಲನೇ ಸರಿ ಅಂತ. ಪ್ರತಿ ಸಲ ಹೇಳ್ತು. ನಾನೇ ಬುದ್ಧಿವಂತಿಕೆ ಮಾಡೋಕ್ಕೋದೆ. ಈ ಬಾಯಿ ಕತ್ತರಿಸಿ ಹಳೇ ತರಾನೇ ಅಗಲದ್ದು ಕೂರಿಸ್ತೀನಿ." ಮೇಲೆ ಪೈಪು ಇನ್ನೂ ಟಿಕ್ ಟಿಕ್ ಎನ್ನುತ್ತಾ ಆರುತ್ತಿತ್ತು, ಬೆಸುಗೆಯ ಹೊಲಿಗೆಗಳು ಬಿಸಿಗೆ ನೇರಳೆ ಬಣ್ಣ ತಿರುಗಿದ್ದವು. ಸುಮ್ಮನಿದ್ದುಬಿಡಬಹುದು. ಅವನು ಕತ್ತರಿಸುತ್ತಾನೆ, ಅಗಲದ್ದು ಕೂರಿಸುತ್ತಾನೆ, ಅದು ಐದೋ ಆರೋ ತೋರಿಸುತ್ತದೆ, ಅವನು ತನ್ನ ಕೈಯನ್ನೇ ಶಪಿಸಿಕೊಳ್ಳುತ್ತಾನೆ, ನಾಳೆಯಿಂದ ಮೈದುನ ಹೇಳಿದಂತೆ ಗಾಳಿ ಆಮೇಲೆ. ಇಲ್ಲವೆ ಈಗಲೇ ಬಾಯಿಬಿಡಬೇಕು. ಬಾಯಿಬಿಟ್ಟರೆ ಇಷ್ಟು ವರ್ಷದ ಅವನ ನೆಲವನ್ನೇ ಕಿತ್ತಂತೆ. ಕತ್ತರಿಸುವ ಯಂತ್ರ ಕಿರ್ರೆಂದು ತಿರುಗಿತು. ಅವಳು ಹೋಗಿ ಗೋಡೆಯಿಂದ ಅದರ ಪ್ಲಗ್ಗು ಕಿತ್ತಳು.

"ಕತ್ತರಿಸ್ಬೇಡಿ. ನೀವು ಮಾಡಿದ್ರಲ್ಲಿ ಇದೇ ಚೆನ್ನಾಗಿರೋದು."

"ಏನೇ ನಿಂದು?"

"ಪೈಪು ಸರಿಯಾಗಿದೆ. ಹಳೇ ಲೆಕ್ಕ ತಪ್ಪು. ಮೊದಲ ಓಟಕ್ಕೆ ಯಾವತ್ತೂ ಗಾಳಿ ಹಾಕ್ತಿರ್ಲಿಲ್ಲ ನಾವು. ಗಾಡಿ ಕಾಯಿಸಿ ಓಡಿಸ್ತಿದ್ವಿ, ಕಡಿಮೆ ತೋರಿಸ್ಲಿ ಅಂತ. ಎರಡನೇದಕ್ಕೆ ಹಾಕ್ತಿದ್ವಿ. ಇವತ್ತು ಎರಡಕ್ಕೂ ಹಾಕಿದೀನಿ. ಇವತ್ತಿನ ಹನ್ನೊಂದೇ ನಿಜವಾದ ಲೆಕ್ಕ."

"ಅತ್ತಿಗೆಗೆ ತಲೆ ಕೆಟ್ಟಿದೆ ಅಣ್ಣ," ಎಂದ ಮೈದುನ. "ಬೆಳಗ್ಗಿಂದಾನೂ ಒಂಥರಾ ಆಡ್ತಿದಾರೆ."

"ಕೆಟ್ಟಿತ್ತು, ಈಗ ಸರಿಹೋಯ್ತು," ಎಂದಳು ಅವಳು. "ಸ್ವಿಚ್ಚು ಒತ್ತದೆ ನಿಂತಿದ್ದೋಳು ನಾನು. ನಿನ್ನ ಮೇಲೆ ಹಾಕ್ತಿಲ್ಲ, ಸುಮ್ನಿರು."

ಗಂಡ ಅವಳನ್ನು ನೋಡಿದ. ಆಮೇಲೆ ಗಾಜಿನ ಹಾಳೆಯನ್ನು ನೋಡಿದ. "ಅದೂನಾ?" ಎಂದ. ಅದೂ ಎಂದಳು. ತಲೆ ತಗ್ಗಿಸಬೇಕು ಎನ್ನಿಸಿತು, ತಗ್ಗಿಸಲಿಲ್ಲ. ಕ್ಷಮಿಸಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಅದನ್ನೂ ನುಂಗಿದಳು. ಈಗ ಕ್ಷಮೆ ಕೇಳಿದರೆ ಅವನು ಅಯ್ಯೋ ಇರಲಿ ಬಿಡು ಎನ್ನಬೇಕಾಗುತ್ತದೆ, ಅಷ್ಟು ಬೇಗ ಅವನಿಂದ ಅದನ್ನು ಕಿತ್ತುಕೊಳ್ಳುವುದು ಇನ್ನೊಂದು ಮೋಸ. ಡಾಕ್ಟರು ಅಷ್ಟರಲ್ಲಿ ಲೆಕ್ಕ ಹಾಕಿ ಮುಗಿಸಿದ್ದರು. "ಅಂದ್ರೆ ನನ್ನ ಹಿಂದಿನ ಗಾಡಿ," ಎಂದರು. "ಇಪ್ಪತ್ತೊಂಬತ್ತು ಅಂದಿದ್ರಿ. ಓಡಿಸ್ತಿದ್ರೆ ಇಪ್ಪತ್ತೊಂಬತ್ತೂ ಗೊತ್ತಾಗತ್ತೆ ಅಂತ ನಾನೇ ಎಲ್ರ ಹತ್ರ ಹೇಳಿದೀನಿ." ಅವರ ಕಿವಿ ಕೆಂಪಾಗಿತ್ತು. ಅವರ ಅವಮಾನ ಕಂಡು ಅವಳಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಅವರೂ ಏರಿನಲ್ಲಿ ಹೂಂ ಎಂದವರೇ. "ಪೈಪು ಹಾಗೇ ಇರ್ಲಿ. ಕಾರು ಇಳಿಸಿ, ನನಗೆ ಪೇಷಂಟ್ಸ್ ಇದಾರೆ," ಎಂದು ಅವರು ಬೀಗದ ಕೈಗೆ ಕೈ ಚಾಚಿದರು. ಹೋಗುವಾಗ ಯಾರಿಗೂ ಹೇಳಿ ಹೋಗಲಿಲ್ಲ. ಅವರ ಹಿಂದೆಯೇ ಮೈದುನನೂ, "ನೀವೇ ನಡೆಸ್ಕೊಳ್ಳಿ ಅಂಗಡಿ," ಎಂದು ಹೊರಟುಹೋದ.

ಬಿಳಿಯ ಕಾರು ಗೇಟು ದಾಟಿತು, ಮೂಲೆಯಲ್ಲಿ ತಿರುಗಿತು. ಡಾಕ್ಟರಿಗೆ ಸಿಟ್ಟು ಬಂದಿತ್ತು, ತಿರುಗಿದವರೇ ಕಾಲೊತ್ತಿದರು. ಗಂಡ ಅವಳಿಗೆ ಬೆನ್ನು ಹಾಕಿ ಬೋಲ್ಟು ಬಿಚ್ಚುವ ಪಾನಾಗಳನ್ನು ಪೆಟ್ಟಿಗೆಗೆ ಎಸೆಯುತ್ತಿದ್ದ, ಒಂದೊಂದೂ ಢಣ್ ಎನ್ನುತ್ತಿತ್ತು. ಮೂಲೆಯಾಚೆಯಿಂದ ಟರ್ಬೊದ ಸಿಳ್ಳು ಕೇಳಿತು. ಬೆಳಿಗ್ಗೆ ಅದೇ ಕಾರು ಬರುವಾಗ ಅದೇ ಮೂಲೆಯಿಂದ ಗೇಟಿನವರೆಗೂ ಗೊಣಗಿಕೊಂಡು ಬಂದಿತ್ತು. ಈಗ ಕಾಲೊತ್ತಿದ ಕೂಡಲೇ ಸಿಳ್ಳು ಎದ್ದು, ಬೀದಿಯುದ್ದಕ್ಕೂ ಹರಿದು, ದೂರವಾಯಿತು. ಗಂಡನ ಕೈ ಪಾನಾ ಸಮೇತ ಗಾಳಿಯಲ್ಲೇ ನಿಂತಿತ್ತು. ಸದ್ದು ಪೂರ್ತಿ ಕರಗುವವರೆಗೂ ಹಾಗೇ ನಿಂತಿದ್ದ. "ಬೇಗ ಎದ್ದಿತು," ಎಂದ. ಅವಳಿಗೆ ಹೇಳಿದ್ದಲ್ಲ.

ಆಮೇಲೆ ಅವನು ಏಣಿ ತಂದು ಅಟ್ಟಕ್ಕೆ ಹತ್ತಿದ. ಅಟ್ಟದಲ್ಲಿ ಏನೇನೋ ಉರುಳುವ ಸದ್ದು. ತಮ್ಮದೇ ಹಳೆಯ ಕಾರಿನ ಕಂಪನಿ ಪೈಪು, ತುಕ್ಕು ಹಿಡಿದದ್ದು, ಅದನ್ನು ಹೆಗಲ ಮೇಲೆ ಹೊತ್ತು ಇಳಿದ. ಅಂಗಿಯ ತುಂಬ ಧೂಳು, ಜೇಡ. ಅವಳು ಏಣಿ ಹಿಡಿಯಲು ಹೋಗಿದ್ದಳು, ಅವನು ಬೇಡ ಎನ್ನಲಿಲ್ಲ, ಮುಖವನ್ನೂ ನೋಡಲಿಲ್ಲ. ಹೊರಗೆ ನಿಂತಿದ್ದ ಹಳೆಯ ಕಾರನ್ನು ತಾನೇ ಒಳಗೆ ತಂದು ಲಿಫ್ಟಿಗೇರಿಸಿ, ಗಾಜಿನ ಹಾಳೆಯ ಆ ಪ್ರಸಿದ್ಧ ಪೈಪನ್ನು ಬಿಚ್ಚಿ, ತುಕ್ಕಿನದನ್ನು ಕೂರಿಸಿದ. ಶಿಳ್ಳೆ ಇಲ್ಲ. ರೋಲರಿಗೆ ಹತ್ತಿಸಿ ಪಟ್ಟಿ ಬಿಗಿದ. ಅವಳು ಅಭ್ಯಾಸದಂತೆ ಗೋಡೆಯ ಕಡೆ ಹೆಜ್ಜೆ ಹಾಕಿದಳು, ಅವನು ಅವಳನ್ನು ದಾಟಿ ಮೊದಲೇ ಹೋಗಿ ಸ್ವಿಚ್ಚಿನ ಮೇಲೆ ಕೈಯಿಟ್ಟ.

"ಇನ್ಮೇಲೆ ಇದನ್ನ ನಾನು ಹಾಕ್ತೀನಿ."

ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಉರಿಯಲಿ, ಸರಿಯಾಗಿಯೇ ಇದೆ. ಆದರೆ ಹೋಗಿ ಮೂಲೆಯಲ್ಲಿ ಕೂರುವವಳಲ್ಲ ತಾನು. ಅತ್ತು ಕರೆದು ಇವನನ್ನು ಮೆತ್ತಗೆ ಮಾಡುವವಳೂ ಅಲ್ಲ. ಇವನು ಮಾತಾಡದೆ ಎಷ್ಟು ದಿನ ಬೇಕಾದರೂ ಇರಲಿ, ಬೆಳಗಾದರೆ ಈ ಕುರ್ಚಿಗೆ ಬಂದು ಕೂರುತ್ತೇನೆ, ನೋಡೋಣ.

"ಹಾಕಿ," ಎಂದಳು. "ಲೆಕ್ಕ ಓದೋದು ಮಾತ್ರ ನಾನೇ. ನಿಮಗೆ ಗೆರೆ ಓದೋಕೆ ಬರಲ್ಲ. ಯಾರಿಗೆ ಹಿಡಿಸ್ಲಿ ಬಿಡ್ಲಿ, ಜೋರಾಗೇ ಓದ್ತೀನಿ."

ಅವನು ಸ್ವಿಚ್ಚು ಒತ್ತಿ, ಫ್ಯಾನಿನ ಮುಂದೆ ಅಂಗೈ ಹಿಡಿದು ಗಾಳಿ ಬರುತ್ತಿದೆಯೇ ಎಂದು ನೋಡಿ, ಕಾರು ಹತ್ತಿದ. ಈ ಸಲ ಬಾಲದ ಕಡೆ ಯಾರೂ ಇರಲಿಲ್ಲ. ತುಕ್ಕು ಪೈಪಿನಲ್ಲಿ ಓಡಿಸಿದ, ಅವಳು ಓದಿದಳು. ಅವನು ಅದನ್ನು ಬಿಚ್ಚಿ ತನ್ನದನ್ನು ಮತ್ತೆ ಕೂರಿಸಿದ. ಹೊರಗೆ ಬಿಸಿಲು ಶೆಡ್ಡಿನ ಬಾಗಿಲವರೆಗೂ ಬಂದು ಹಿಂದೆ ಸರಿಯುತ್ತಿತ್ತು. ಮತ್ತೆ ಅವನೇ ಸ್ವಿಚ್ಚು ಒತ್ತಿದ, ಮತ್ತೆ ಅಂಗೈ ಹಿಡಿದು ನೋಡಿದ, ಮತ್ತೆ ಓಡಿಸಿದ. ಎರಡು ಗೆರೆಗಳು ಒಂದರ ಮೇಲೊಂದು ಬಿದ್ದವು, ನಡುವೆ ನೂಲು ತೂರುವಷ್ಟು ಜಾಗ. ಏರಿನಲ್ಲಿ ತಾನು ಹೂಂ ಎಂದ ಸಂಜೆಗಳೆಲ್ಲ ಆ ನೂಲಿನಷ್ಟು ಜಾಗದಲ್ಲಿದ್ದವು. ಇಂಜಿನ್ನು ನಿಂತಿತು. ಅವನು ಇಳಿದು ಬರಲಿಲ್ಲ, ಸ್ಟೀರಿಂಗ್ ಹಿಡಿದು ಕೂತಿದ್ದ.

"ಎಷ್ಟು ಬಂತು?"

"ಮೂರು."

"ಇನ್ನೊಂದ್ಸಲ ಹೇಳು."

"ಮೂರು," ಎಂದಳು, ಬೀದಿಗೆ ಕೇಳುವಷ್ಟು ಜೋರಾಗಿ.

ಫ್ಯಾನು ತಿರುಗುತ್ತಲೇ ಇತ್ತು, ಅದರ ಗಾಳಿಗೆ ಗೋಡೆಯ ಗಾಜಿನ ಹಾಳೆ ಮೊಳೆಯ ಮೇಲೆ ಟಕಟಕ ಅಲುಗುತ್ತಿತ್ತು. ಆಮೇಲೆ ಅವನು ಇಳಿದು ಬಂದ. ಅವಳ ಕುರ್ಚಿಯ ಹಿಂದೆ, ತಾಗದಷ್ಟು ದೂರದಲ್ಲಿ ನಿಂತು, ಇಷ್ಟು ವರ್ಷಗಳಲ್ಲಿ ಮೊದಲ ಸಲ ಪರದೆಯನ್ನು ಸರಿಯಾಗಿ ನೋಡಿದ.

"ಡಾಕ್ಟರ ಗಾಡೀದು ತೆಗಿ," ಎಂದ. "ಆ ಹನ್ನೊಂದು ಎಲ್ಲಿಂದ ಎದ್ದಿದೆ, ತೋರಿಸು."